ಸದ್ದಿಗೆ ದುಡ್ಡು ಕೊಟ್ಟು ಪಿಕಪ್ ಅಂದ್ಕೋಬೇಡಿ

1/6

ಎರಡು ತಿಂಗಳಿಂದ ನನ್ನ ಡಿಎಂಗೆ ಬರ್ತಿರೋದು ಎರಡೇ ಪ್ರಶ್ನೆ. "ಬ್ರೋ, ಸ್ವಿಫ್ಟ್‌ಗೆ ಸ್ಟೇಜ್ 1 ಮಾಡ್ಸಿದ್ರೆ ವರ್ತಾ?" "ಬ್ರೋ, ಆ ಬಾಕ್ಸ್ ಎಲ್ಲಿ ತಗೊಂಡೆ?"

ತಪ್ಪು ನನ್ನದೇ. ಬಾನೆಟ್ ಎತ್ತಿ, ಕಪ್ಪು ಡಬ್ಬ ತೋರ್ಸಿ, ಬೈಪಾಸ್‌ನಲ್ಲಿ ಗಾಡಿ ಎಳೆಯೋ ರೀಲ್ ಹಾಕಿದ್ದು ನಾನೇ. ನನ್ನ ಪೇಜಲ್ಲಿ ಅಷ್ಟು ವ್ಯೂಸ್ ಇನ್ಯಾವುದಕ್ಕೂ ಬಂದಿಲ್ಲ. ಸೆಮಿಸ್ಟರ್ ರಿಸಲ್ಟ್ ಹಾಕಿದಾಗ ಬಂದಿದ್ದು 31 ಲೈಕ್, ಅದ್ರಲ್ಲಿ ಅರ್ಧ ಅತ್ತೆ ಮಕ್ಕಳದ್ದು.

ಇವತ್ತು ಆ ರೀಲ್‌ಗೆ ನಾನೇ ಉತ್ತರ ಬರೀತಿದ್ದೀನಿ. ಉದ್ದ ಇದೆ, ಆರು ಪೋಸ್ಟ್. ಪೂರ್ತಿ ಓದಿ ಆಮೇಲೆ ಬೈಯಿರಿ.

ನಾನು ಕಾರ್ ಅಂದ್ರೆ ಮೂಗು ಮುರಿಯೋನಲ್ಲ. ಎಂಟನೇ ಕ್ಲಾಸಲ್ಲೇ ಸದ್ದು ಕೇಳಿ ಯಾವ ಎಂಜಿನ್ ಅಂತ ಹೇಳ್ತಿದ್ದೆ. ಅದಕ್ಕೇ ಹೇಳ್ತಿದ್ದೀನಿ: ನಮ್ಮ ವಯಸ್ಸಿನೋರಿಗೆ "ಪರ್ಫಾರ್ಮೆನ್ಸ್" ಅಂತ ಮಾರ್ತಿರೋದ್ರಲ್ಲಿ ಬಹುಪಾಲು ಬರೀ ಸದ್ದು. ಸದ್ದಲ್ಲದೆ ನಿಜವಾಗಿ ಕೆಲಸ ಮಾಡೋದೂ ಇದೆ, ಆದ್ರೆ ನಮ್ಮ ಮನೆ ಗಾಡಿಗಳು ಅದನ್ನ ತಡ್ಕೊಳ್ಳೋ ಸ್ಥಿತಿಯಲ್ಲಿ ಇಲ್ಲ.

2/6

ಫೋಟೋದಲ್ಲಿರೋ ಕೆಂಪು ಕೋನ್ ಫಿಲ್ಟರ್ ನನ್ನ ಫ್ರೆಂಡ್ ಪೆಟ್ರೋಲ್ ಸ್ವಿಫ್ಟ್‌ದು. ಅವನ ಪರ್ಮಿಷನ್ ತಗೊಂಡೇ ಹಾಕಿದ್ದೀನಿ. ಬೈಕೊಂಡೇ ಕೊಟ್ಟ.

ಕಂಪನಿ ಕೊಟ್ಟಿರೋ ಏರ್ ಫಿಲ್ಟರ್ ಡಬ್ಬ ಯಾವತ್ತಾದ್ರೂ ಸರಿಯಾಗಿ ನೋಡಿದ್ದೀರಾ? ಅದರ ಮೂತಿ ಮುಂದುಗಡೆ ಇರುತ್ತೆ, ಹೊರಗಿನ ತಣ್ಣನೆ ಗಾಳಿ ಎಳ್ಕೊಳ್ಳಕ್ಕೆ. ತಣ್ಣನೆ ಗಾಳಿ ದಟ್ಟವಾಗಿರುತ್ತೆ, ಅಷ್ಟೇ ಜಾಗದಲ್ಲಿ ಜಾಸ್ತಿ ಆಮ್ಲಜನಕ ಸಿಗುತ್ತೆ. ನಾವೇನು ಮಾಡ್ತೀವಿ? ಆ ಡಬ್ಬ ಕಿತ್ತು, ಕೋನ್ ಫಿಲ್ಟರನ್ನ ಎಂಜಿನ್ ಪಕ್ಕದಲ್ಲೇ, ಬಿಸಿ ಗಾಳಿಯಲ್ಲಿ ನೇತುಹಾಕ್ತೀವಿ. ಬಿಎಂ ರೋಡ್ ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ನಿಂತ ಮೇಲೆ ಆ ಫಿಲ್ಟರ್ ಉಸಿರಾಡೋದು ಒಲೆ ಬಾಯಿಯ ಗಾಳಿನ. ಇದಕ್ಕೆ "ಕೋಲ್ಡ್ ಏರ್ ಇನ್‌ಟೇಕ್" ಅಂತ ಹೆಸರು ಬೇರೆ.

ಮತ್ತೆ ಗಾಡಿ ಜೋರಾಗಿದೆ ಅಂತ ಯಾಕೆ ಅನ್ಸುತ್ತೆ? ಆ ಪ್ಲಾಸ್ಟಿಕ್ ಡಬ್ಬಕ್ಕೆ ಇನ್ನೊಂದು ಕೆಲಸ ಇತ್ತು, ಎಂಜಿನ್ ಗಾಳಿ ಎಳೆಯೋ ಸದ್ದು ಅಡಗಿಸೋದು. ಡಬ್ಬ ಹೋಯ್ತು, ಬುಸ್ ಅನ್ನೋ ಸದ್ದು ಬಂತು, ಕಿವಿ ನಂಬ್ತು. ಕಾಲು ಕೂಡ ತನಗೇ ಗೊತ್ತಿಲ್ದೆ ಇನ್ನೊಂಚೂರು ಒತ್ತುತ್ತೆ.

ಸೈಲೆನ್ಸರ್ ಕಥೆನೂ ಅದೇ. ಟರ್ಬೊ ಇಲ್ಲದ 1.2 ಲೀಟರ್ ಎಂಜಿನ್‌ಗೆ ಹಿಂದಿನ ಡಬ್ಬ ಬದಲಾಯಿಸಿದ್ರೆ ಸಿಗೋದು ಹೆಚ್ಚುಕಡಿಮೆ ಸದ್ದು ಮಾತ್ರ. ಕೆಲವರು ಇನ್ನೂ ಮುಂದೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿ ಖಾಲಿ ಪೈಪ್ ಹಾಕಿಸ್ತಾರೆ. ಕಾರ್ಬನ್ ಮೊನಾಕ್ಸೈಡ್, ಸುಡದೆ ಉಳಿದ ಇಂಧನ, ನೈಟ್ರೋಜನ್ ಆಕ್ಸೈಡ್ ಇವನ್ನೆಲ್ಲ ಕಡಿಮೆ ಮಾಡೋ ಭಾಗ ಅದು. ತೆಗೆದ ಮೇಲೆ ಮೀಟರ್‌ನಲ್ಲಿ ಚೆಕ್ ಎಂಜಿನ್ ಲೈಟ್ ಬರುತ್ತೆ, ಆಮೇಲೆ ಆ ಲೈಟ್ ಆರಿಸಕ್ಕೆ ಇನ್ನೊಂದು ಖರ್ಚು. ಒಂದು ಬಿಕಾಂ ಟಿಪ್: ಯಾರಾದ್ರೂ "ಹಳೇದನ್ನ ಫ್ರೀಯಾಗಿ ಬಿಚ್ಚಿಕೊಡ್ತೀವಿ" ಅಂದ್ರೆ ಖುಷಿಪಡ್ಬೇಡಿ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತೆ. ಫ್ರೀ ಕೊಟ್ಟಿದ್ದು ಅವರಲ್ಲ, ನೀವು.

ಮಾರೋನು "10 ಬಿಎಚ್‌ಪಿ ಗ್ಯಾರಂಟಿ" ಅಂದ್ರೆ ಒಂದೇ ಮಾತು ಕೇಳಿ. ಹಾಕೋಕೆ ಮುಂಚೆ ಒಂದು, ಹಾಕಿದ ಮೇಲೆ ಒಂದು ಡೈನೊ ಶೀಟ್, ಅದೂ ನನ್ನ ಗಾಡಿದೇ ಕೊಡ್ತೀರಾ? ಮಾತು ತಕ್ಷಣ ಅಲಾಯ್ ವೀಲ್ ಕಡೆ ತಿರುಗದಿದ್ರೆ ನನ್ನ ಕೇಳಿ.

3/6

ಈಗ ಅಸಲಿ ವಿಷಯ. ರೀಮ್ಯಾಪ್ ಸುಳ್ಳಲ್ಲ. ಟರ್ಬೊ ಇರೋ ಗಾಡಿಯಲ್ಲಿ ಸಾಫ್ಟ್‌ವೇರ್ ಬದಲಾಯಿಸಿದ್ರೆ ಪವರ್ ನಿಜವಾಗ್ಲೂ ಜಾಸ್ತಿ ಆಗುತ್ತೆ. ಪೋಲೋ ಟಿಎಸ್‌ಐ ಇಟ್ಕೊಂಡಿರೋರು ಯಾಕೆ ಅಷ್ಟು ಹಾರಾಡ್ತಾರೆ ಅಂತ ಒಂದ್ಸಲ ಪಕ್ಕದ ಸೀಟಲ್ಲಿ ಕೂತ್ರೆ ಗೊತ್ತಾಗುತ್ತೆ. ಟರ್ಬೊ ಇಲ್ಲದ ಪೆಟ್ರೋಲ್ ಗಾಡಿಯಲ್ಲಿ ಸಿಗೋದು ಚಿಲ್ಲರೆ, ಯಾಕಂದ್ರೆ ಗಾಳಿ ಒತ್ತಿ ತುಂಬಕ್ಕೆ ಅಲ್ಲಿ ಏನೂ ಇಲ್ಲ. ನಮ್ಮದು ಡೀಸೆಲ್ ಸ್ವಿಫ್ಟ್, 2014ರ ಮಾಡೆಲ್, ಟರ್ಬೊ ಇದೆ. ಹಾಗಾಗಿ ನಾನೇ ಬುದ್ಧಿವಂತ ಅಂದ್ಕೊಂಡೆ.

ನಾನು ಹಾಕ್ಸಿದ್ದು ರೀಮ್ಯಾಪ್ ಕೂಡ ಅಲ್ಲ, 14,000 ರೂಪಾಯಿಯ ಟ್ಯೂನಿಂಗ್ ಬಾಕ್ಸ್. ಅದು ಮಾಡೋ ಕೆಲಸ ಕೇಳಿದ್ರೆ ಕಾಮರ್ಸ್ ಕ್ಲಾಸಿನೋರು ನಗ್ತೀರ. ಡೀಸೆಲ್ ಎಷ್ಟು ಒತ್ತಡದಲ್ಲಿದೆ ಅಂತ ಒಂದು ಸೆನ್ಸರ್ ಇಸಿಯುಗೆ ಹೇಳ್ತಿರುತ್ತೆ. ಡಬ್ಬ ಮಧ್ಯದಲ್ಲಿ ಕೂತು ಆ ಅಂಕಿನ ಕಡಿಮೆ ಮಾಡಿ ಕಳಿಸುತ್ತೆ. ಇಸಿಯು "ಅಯ್ಯೋ, ಒತ್ತಡ ಸಾಲ್ತಿಲ್ಲ" ಅಂದ್ಕೊಂಡು ಜಾಸ್ತಿ ಮಾಡುತ್ತೆ. ಜಾಸ್ತಿ ಡೀಸೆಲ್ ಒಳಗೆ ಹೋಗುತ್ತೆ. ಅಷ್ಟೇ. ಸುಳ್ಳು ಎಂಟ್ರಿ ಹಾಕಿ ಬ್ಯಾಲೆನ್ಸ್ ಶೀಟ್ ಚೆಂದ ಮಾಡೋ ಹಾಗೆ. ಡೀಸೆಲ್ ಜಾಸ್ತಿ ಮಾಡಿ ಅದಕ್ಕೆ ತಕ್ಕ ಗಾಳಿ ಕೊಡದಿದ್ರೆ ಏನಾಗುತ್ತೆ? ನನ್ನ ರೀಲ್‌ನಲ್ಲಿ ಹಿಂದೆ ಬಂದಿತ್ತಲ್ಲ ಕಪ್ಪು ಹೊಗೆ, ನೀವೆಲ್ಲ ಬೆಂಕಿ ಇಮೋಜಿ ಹಾಕಿದ್ರಲ್ಲ, ಅದು ಪವರ್ ಅಲ್ಲ ಗುರು. ಸುಡದೇ ಹೋದ ನಮ್ಮ ಅಪ್ಪನ ದುಡ್ಡು.

ಕಂಪನಿಯವರು ಬೇಕಂತಲೇ ಪವರ್ ಮುಚ್ಚಿಟ್ಟಿರ್ತಾರೆ ಅಂತ ಡಬ್ಬ ಮಾರಿದೋರು ಹೇಳಿದ್ರು. ನಾನೂ ನಂಬಿದ್ದೆ. ನಮ್ಮ ಗಾಡಿಯ 1.3 ಲೀಟರ್ ಎಂಜಿನ್ ಫಿಯಟ್‌ದು. ಸ್ವಿಫ್ಟ್‌ನಲ್ಲಿ ಅದಕ್ಕೆ 75 ಪಿಎಸ್, 190 ಎನ್ಎಂ. ಅದೇ ಎಂಜಿನ್‌ನ ಮಾರುತಿ ಎರ್ಟಿಗಾಗೆ 90 ಪಿಎಸ್ ಮಾಡಿ ಕೊಟ್ಟಿತ್ತು. ಹೇಗೆ? ಬರೀ ಸಾಫ್ಟ್‌ವೇರಲ್ಲಿ ಅಲ್ಲ, ಟರ್ಬೊನೇ ಬೇರೆ ಹಾಕಿ. ಎಂಜಿನ್‌ನ ಅಷ್ಟೊಂದು ಗೊತ್ತಿರೋರೇ 15 ಪಿಎಸ್ ಏರಿಸಕ್ಕೆ ಲೋಹ ಬದಲಾಯಿಸಿದ್ರು. ನಾವು ಎರಡು ವೈರ್ ಮಧ್ಯೆ ಡಬ್ಬ ಸಿಕ್ಕಿಸಿ ಅದಕ್ಕಿಂತ ಜಾಸ್ತಿ ಕೇಳ್ತಿದ್ದೀವಿ.

4/6

ಈ ಪೋಸ್ಟ್‌ಗೆ ಫೋಟೋ ಇಲ್ಲ. ಖಾಲಿ ಕಪ್ಪು ಸ್ಲೈಡ್ ಹಾಕಿದ್ದೀನಿ.

ಡಬ್ಬ ಹಾಕ್ಸಿದ್ದು ಅಪ್ಪಂಗೆ ಗೊತ್ತಿರ್ಲಿಲ್ಲ. ಗಾಡಿ 1,10,000 ಕಿಲೋಮೀಟರ್ ದಾಟಿತ್ತು. ಅಪ್ಪ ಹೋಟೆಲ್‌ಗಳಿಗೆ ಕಾಫಿ ಪುಡಿ ಹಾಕ್ತಾರೆ, ವಾರಪೂರ್ತಿ ಡಿಕ್ಕಿ ತುಂಬಾ ಮೂಟೆ. ಕ್ಲಚ್ ಮೊದಲೇ ಸವೆದಿತ್ತು. ಅದನ್ನ ಮಾರಿದೋರೂ ಕೇಳ್ಲಿಲ್ಲ, ನಾನೂ ನೋಡ್ಲಿಲ್ಲ.

ಜೂನ್‌ನಲ್ಲಿ ಅಜ್ಜಿಗೆ ಕಣ್ಣಿನ ಆಪರೇಷನ್ ಮಾಡಿಸ್ಕೊಂಡು ಅಪ್ಪ ಅಮ್ಮ ಮಂಗಳೂರಿಂದ ವಾಪಸ್ ಬರ್ತಿದ್ರು. ರಾತ್ರಿ, ಮಳೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತೋವಾಗ ಮುಂದೆ ಟ್ಯಾಂಕರ್, ಹಿಂದೆ ಲಾರಿ. ಅಪ್ಪ ಓವರ್‌ಟೇಕ್ ಮಾಡಕ್ಕೆ ಕಾಲೊತ್ತಿದ್ರು. ಎಂಜಿನ್ ಕಿರುಚ್ತು, ಆರ್‌ಪಿಎಂ ಮುಳ್ಳು ಮೇಲಕ್ಕೆ ಹೋಯ್ತು, ಗಾಡಿ ಮುಂದಕ್ಕೆ ಹೋಗ್ಲಿಲ್ಲ. ಸುಟ್ಟ ವಾಸನೆ. ಹೊಸ ಟಾರ್ಕ್‌ನ ಆ ಹಳೇ ಕ್ಲಚ್ ಹಿಡ್ಕೊಳ್ಳಕ್ಕಾಗ್ದೆ ಜಾರ್ತಿತ್ತು. ಬಲಗಡೆ ಲೇನ್‌ನಲ್ಲಿ, ಏರಿನಲ್ಲಿ, ಎದುರಿಂದ ಲೈಟ್ ಬರ್ತಿರೋವಾಗ.

ಹಿಂದಿದ್ದ ಲಾರಿ ಡ್ರೈವರ್ ಬ್ರೇಕ್ ಹಾಕಿ ಜಾಗ ಬಿಟ್ಟ. ಅಪ್ಪ ಗಾಡಿನ ನಿಧಾನಕ್ಕೆ ಹಿಂದಕ್ಕೆ ಬಿಟ್ಕೊಂಡು ಎಡಕ್ಕೆ ತಂದ್ರು. ಅದು ಯಾವ ಲಾರಿ ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ. ಕಣ್ಣಿಗೆ ಬ್ಯಾಂಡೇಜ್ ಹಾಕ್ಕೊಂಡಿದ್ದ ಅಜ್ಜಿ ಹಿಂದಿನ ಸೀಟಲ್ಲಿ "ಏನಾಯ್ತು, ಏನಾಯ್ತು" ಅಂತಲೇ ಇದ್ರಂತೆ. ಮೂರು ಗಂಟೆ ಆದ್ಮೇಲೆ ಟೋಯಿಂಗ್ ಗಾಡಿ ಬಂತು.

ಆ ಹೊತ್ತಲ್ಲಿ ನಾನು ಮನೆಯಲ್ಲಿ ಕೂತು ರೀಲ್‌ಗೆ ಬಂದ ಕಾಮೆಂಟ್‌ಗಳಿಗೆ ಹಾರ್ಟ್ ಒತ್ತುತಿದ್ದೆ.

ಮಾರನೇ ದಿನ ಸಕಲೇಶಪುರದಲ್ಲಿ ಮೆಕ್ಯಾನಿಕ್ ಬಾನೆಟ್ ಎತ್ತಿ ಕೇಳಿದ್ರು, "ಏನ್ ಸಾರ್ ಇದು ಡಬ್ಬ?" ಅಪ್ಪ ನನಗೆ ಫೋನ್ ಮಾಡಿ ಅದೇ ಮಾತು ಕೇಳಿದ್ರು, "ಏನೋ ಇದು ಡಬ್ಬ?" ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಲೆಕ್ಕ: ಡಬ್ಬ 14,000. ಕ್ಲಚ್ ಸೆಟ್, ಲೇಬರ್ 16,500. ಟೋಯಿಂಗ್ 4,500. ಒಟ್ಟು 35,000. ಕಡಿಮೆಯಾದ ಮೈಲೇಜ್ ಇದ್ರಲ್ಲಿ ಸೇರ್ಸಿಲ್ಲ.

5/6

"ನನ್ನ ಗಾಡಿ, ನನ್ನ ದುಡ್ಡು, ನಿಂಗೇನು?" ಈ ಕಾಮೆಂಟ್ ಬಂದೇ ಬರುತ್ತೆ, ಈಗ್ಲೇ ಉತ್ತರ.

ಒಂದು, ಆರ್‌ಸಿ ತೆಗೆದು ನೋಡಿ. ನಿಮ್ಮ ಹೆಸರಿದ್ಯಾ? ನಮ್ಮ ಕ್ಲಾಸಲ್ಲಿ ಕಾರ್ ಓಡಿಸೋರ ಪೈಕಿ ಯಾರ ಆರ್‌ಸಿಯಲ್ಲೂ ಅವರ ಹೆಸರಿಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. ಕೇರಳದಿಂದ ಬಂದ ಒಂದು ಕೇಸಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡೀತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂದು, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲಾಂದ್ರೆ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ ಅಂತ ಆಯ್ತು. ಯಾರಿಗೆ? ಮಾಲೀಕರಿಗೆ. ಅಂದ್ರೆ ನಿಮ್ಮ ಅಪ್ಪಂಗೋ ಅಮ್ಮಂಗೋ. ಸದ್ದು ಮತ್ತು ಹೊಗೆಗೆ ಬೇರೆ ಸೆಕ್ಷನ್ ಇದೆ, 190(2). ಮೊದಲ ಸಲಕ್ಕೇ 10,000ದವರೆಗೆ ದಂಡ, ಮೂರು ತಿಂಗಳು ಲೈಸೆನ್ಸ್ ಹೋಗುತ್ತೆ.

ಸೈಲೆನ್ಸರ್‌ಗಳನ್ನ ಸಾಲಾಗಿ ಮಲಗಿಸಿ ಪೊಲೀಸರು ರೋಡ್ ರೋಲರ್ ಹತ್ತಿಸೋ ವಿಡಿಯೊ ನೋಡಿ ನೀವು ನಗ್ತೀರಲ್ಲ, ಅದು ಸದ್ಯಕ್ಕೆ ಬುಲೆಟ್‌ನವರ ಕಷ್ಟ ಅಂತ ನಾನೂ ನಗ್ತಿದ್ದೆ.

ಎರಡು, ಇನ್ಶೂರೆನ್ಸ್. ಎರಡನೇ ವರ್ಷದಲ್ಲಿ ಪಾಠ ಮಾಡಿದ್ರು, ಯಾರೂ ಕೇಳ್ಲಿಲ್ಲ: ವಿಮೆ ನಿಂತಿರೋದು ಪರಮ ವಿಶ್ವಾಸದ ಮೇಲೆ. ಮುಖ್ಯವಾದ ವಿಷಯ ಮುಚ್ಚಿಟ್ರೆ ಕ್ಲೇಮ್ ತಿರಸ್ಕರಿಸಕ್ಕೆ ಅವರ ಕೈಗೆ ಕಾರಣ ಕೊಟ್ಟ ಹಾಗೆ. ಹೇಳದೆ ಹಾಕ್ಸಿದ ಡಬ್ಬ ಅಂಥದ್ದೇ ಒಂದು ವಿಷಯ. ಪರೀಕ್ಷೆಗೆ ಐದು ಮಾರ್ಕ್ಸ್‌ಗೆ ಬರೀತೀವಿ, ಮನೆ ಮುಂದೆ ನಿಂತಿರೋ ಗಾಡಿಗೆ ಅನ್ವಯಿಸಲ್ಲ.

ಮೂರನೇದು ದುಡ್ಡಿನ ವಿಷಯ ಅಲ್ಲ. ರಸ್ತೆ ನಿಮ್ಮದೊಬ್ಬರದೇ ಅಲ್ಲ. ನಮ್ಮ ಪ್ರಯೋಗದ ಹಿಂದೆ ಒಬ್ಬ ಲಾರಿ ಡ್ರೈವರ್ ಇದ್ದ, ಅವನನ್ನ ಯಾರೂ ಕೇಳಿರ್ಲಿಲ್ಲ.

"ಓವರ್‌ಟೇಕ್ ಮಾಡಕ್ಕೆ ಪವರ್ ಬೇಕು, ಅದು ಸೇಫ್ಟಿಗೇ" ಅನ್ನೋರಿಗೆ: ಗಾಡಿಯಲ್ಲಿ ಮೂರನೇ ಗೇರ್ ಅಂತ ಒಂದಿದೆ. ಫ್ರೀ.

6/6

ಹಾಗಾದ್ರೆ ಏನೂ ಮಾಡ್ಬಾರ್ದಾ? ಮಾಡಿ. ಆದ್ರೆ ಗಾಡಿ ಓಡೋದಕ್ಕಿಂತ ಮುಂಚೆ ನಿಲ್ಲೋದಕ್ಕೆ ಖರ್ಚು ಮಾಡಿ.

80ರಲ್ಲಿ ಹೋಗೋ ಗಾಡಿ 100ಕ್ಕೆ ಏರಿದ್ರೆ ವೇಗ ಕಾಲು ಭಾಗ ಜಾಸ್ತಿ. ಬ್ರೇಕ್ ಕರಗಿಸಬೇಕಾದ ಶಕ್ತಿ ಅರ್ಧಕ್ಕಿಂತಲೂ ಜಾಸ್ತಿ, ಶೇಕಡಾ 56. 100ರಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತೆ, ಅಂದ್ರೆ ನೀವು ಹೆದರಿ ಕಾಲು ಎತ್ತಿ ಬ್ರೇಕ್ ಮೇಲೆ ಇಡೋ ಹೊತ್ತಿಗೇ ನಮ್ಮ ಕಾಲೇಜ್ ಕಾರಿಡಾರ್ ಮುಗಿದಿರುತ್ತೆ. ಈ ಶಕ್ತಿಯೆಲ್ಲ ರಸ್ತೆಗೆ ತಾಗೋದು ಟೈರಿನ ನಾಲ್ಕು ತುಂಡಿನಲ್ಲಿ, ಒಂದೊಂದೂ ಹೆಚ್ಚುಕಡಿಮೆ ಅಂಗೈಯಷ್ಟು. ಅದನ್ನ ಬಿಟ್ಟು ನಾವು 17 ಇಂಚ್ ಅಲಾಯ್ ಹಾಕ್ಸಿ ಚಕ್ರದ ತೂಕ ಏರಿಸ್ತೀವಿ, ಸ್ಪ್ರಿಂಗ್ ಕತ್ತರಿಸಿ ಗಾಡಿ ಇಳಿಸ್ತೀವಿ. ಸ್ಪ್ರಿಂಗ್ ಕತ್ತರಿಸೋರ ಬಗ್ಗೆ ನಾನು ಮಾತಾಡೋದೇ ಇಲ್ಲ, ಬಿಪಿ ಬರುತ್ತೆ.

ಬ್ರೇಕ್ ಆಯಿಲ್ ಕೊನೆಯ ಸಲ ಯಾವಾಗ ಬದಲಾಯಿಸಿದ್ದು, ಮನೆಯಲ್ಲಿ ಕೇಳಿ. ಅದು ಗಾಳಿಯಿಂದ ನೀರು ಹೀರ್ಕೊಳ್ಳುತ್ತೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯಲ್ಲ. ನೀರು ಸೇರಿದ ಮೇಲೆ ಅದಕ್ಕಿರೋ ಮಿತಿ 155 ಡಿಗ್ರಿ. ಚಾರ್ಮಾಡಿ ಇಳೀವಾಗ ಬ್ರೇಕ್ ಮೇಲೇ ಕಾಲಿಟ್ಕೊಂಡು ಬಂದ್ರೆ ಆಯಿಲ್ ಕುದ್ದು, ಪೆಡಲ್ ಸ್ಪಾಂಜ್ ಹಾಗೆ ಒಳಕ್ಕೆ ಹೋಗುತ್ತೆ. ಆಗ ಸ್ಟೇಜ್ 1 ಸ್ಟಿಕರ್ ಗಾಡಿ ನಿಲ್ಸಲ್ಲ.

ನಾಲ್ಕು ಟೈರ್, ಮುಂದಿನ ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಅಲೈನ್‌ಮೆಂಟ್, ಎಲ್ಲಾ ಸೇರಿ ನಮಗೆ ಬಂದ ಕೊಟೇಷನ್ 26,000. ನಾನು ಹಾಳು ಮಾಡಿದ್ದು 35,000. ಒಂದು ಪಾರ್ಟ್‌ಟೈಮ್ ಕೆಲಸಕ್ಕೆ ಸೇರಿದ್ದೀನಿ, ಸಂಜೆ ಲೆಕ್ಕ ಬರೆಯೋದು. ಕ್ಲಚ್ ದುಡ್ಡು ಅಪ್ಪಂಗೆ ಇನ್ನೂ 9,000 ಕೊಡೋದಿದೆ.

ಸ್ಪೀಡ್ ಬೇಕೇ ಬೇಕು ಅನ್ನೋರಿಗೆ ಜಾಗ ಇದೆ. ಕೊಯಮತ್ತೂರಿನ ಕರಿ ಟ್ರ್ಯಾಕ್, ಚೆನ್ನೈ ಹತ್ರ ಇರುಂಗಾಟುಕೋಟೈ ಟ್ರ್ಯಾಕ್. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ರ‍್ಯಾಲಿ ನಡೆಯುತ್ತೆ, ಹೋಗಿ ನೋಡಿ. ನಾವು ಹಾಕಿಸಿಕೊಳ್ಳೋ ಪಾರ್ಟ್‌ಗಳಿಗಿಂತ ಮುಂಚೆ ಅವರು ಹಾಕಿರೋದು ರೋಲ್ ಕೇಜ್, ಹೆಲ್ಮೆಟ್, ಸೀಟಿಗೆ ಕಟ್ಟಿಹಾಕೋ ಬೆಲ್ಟ್. ಪಕ್ಕದಲ್ಲಿ ಆಂಬ್ಯುಲೆನ್ಸ್. ಎದುರಿಂದ ಟ್ಯಾಂಕರ್ ಬರಲ್ಲ.

ಡಬ್ಬ ಮಾರಾಟಕ್ಕಿದ್ಯಾ ಅಂತ ಈಗಾಗ್ಲೇ ಮೂರು ಜನ ಕೇಳಿದ್ದೀರ. ಇಲ್ಲ. ಅಪ್ಪ ಅದನ್ನ ಟಿವಿ ಮೇಲೆ ಇಟ್ಟಿದ್ದಾರೆ, ಅಜ್ಜಿ ದಿನಾ ಧೂಳು ಒರೆಸ್ತಾರೆ.

ಈಗ ಎಲ್ಲರೂ ಒಂದು ಕೆಲಸ ಮಾಡಿ. ಕೆಳಗೆ ಹೋಗಿ ನಿಮ್ಮ ಗಾಡಿ ಟೈರ್ ಪಕ್ಕದಲ್ಲಿ ಡಾಟ್ ಅಂತ ಬರೆದಿರೋ ಕಡೆ ಕೊನೆಯ ನಾಲ್ಕು ಅಂಕಿ ನೋಡಿ. ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. ನಮ್ಮದ್ರಲ್ಲಿ 2217 ಇತ್ತು, ಅಂದ್ರೆ 2017ರ 22ನೇ ವಾರ. ನಿಮ್ಮದು ಕಾಮೆಂಟಲ್ಲಿ ಹಾಕಿ, ನಮ್ಮದಕ್ಕಿಂತ ಹಳೇದು ಯಾರ ಹತ್ರ ಇದೆ ನೋಡೋಣ.