ಬರೆದಿಟ್ಟ ಲೆಕ್ಕ, ಉಳಿಯುವ ಬರಕತ್

ಸಂಪತ್ತಿನ ವಿಷಯದಲ್ಲಿ ಮನುಷ್ಯನು ನಾಳೆ ಎರಡು ಪ್ರಶ್ನೆಗಳಿಗೆ ಉತ್ತರಿಸಬೇಕಾಗಿದೆ: ಅದನ್ನು ಎಲ್ಲಿಂದ ಗಳಿಸಿದೆ, ಯಾವುದಕ್ಕೆ ವ್ಯಯಿಸಿದೆ? ತಿರ್ಮಿದಿಯಲ್ಲಿ ವರದಿಯಾಗಿರುವ ಪ್ರವಾದಿವಚನವೊಂದರ ಆಶಯವಿದು. ಪರಲೋಕದ ಈ ವಿಚಾರಣೆಯನ್ನು ನಾವು ದೃಢವಾಗಿ ನಂಬುತ್ತೇವೆ. ಆದರೆ ಕಳೆದ ತಿಂಗಳು ಮನೆಗೆ ಬಂದ ಹಣವೆಷ್ಟು, ಅದು ಹೋದದ್ದೆಲ್ಲಿಗೆ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಮೌನವಾಗುತ್ತೇವೆ.

ಈಚೆಗೆ ನಮ್ಮ ಯುವಕರಲ್ಲಿ ಒಂದು ಹೊಸ ಆಸೆ ಮೂಡಿದೆ. ಬೆಂಗಳೂರಿನಲ್ಲೋ ಗಲ್ಫ್ ರಾಷ್ಟ್ರಗಳಲ್ಲೋ ದುಡಿಯುತ್ತಿರುವ ಕೆಲವರು ಪ್ರತಿ ತಿಂಗಳ ಖರ್ಚು-ಉಳಿತಾಯಗಳನ್ನು ಮೊಬೈಲಿನಲ್ಲಿ ದಾಖಲಿಸುತ್ತಾ, 45ರೊಳಗೆ ನೌಕರಿ ಬಿಟ್ಟು ತಾಯ್ತಂದೆಯರಿರುವ ಊರಿಗೆ ಮರಳುವ ಲೆಕ್ಕಾಚಾರದಲ್ಲಿದ್ದಾರೆ. ಹಿರಿಯರಿಗೆ ಇದು ಹಿಡಿಸುವುದಿಲ್ಲ. ‘ಎಣಿಸಿದರೆ ಬರಕತ್ ಹೋಗುತ್ತದೆ’ ಎಂಬುದು ಅವರ ಆಕ್ಷೇಪ. ಲೆಕ್ಕ ಬರೆಯುವುದು ಸರಿ, ಆದರೆ ಅದರ ಗುರಿಯನ್ನು ತುಸು ತಿದ್ದಿಕೊಳ್ಳಬೇಕು ಎಂಬುದು ನಮ್ಮ ಅಭಿಪ್ರಾಯ.

ಹಿರಿಯರ ಮಾತಿಗೆ ಆಧಾರವಿಲ್ಲವೆನ್ನಲಾಗದು. ಹಝ್ರತ್ ಆಯಿಶಾ(ರ) ಅವರ ಮನೆಯಲ್ಲಿದ್ದ ಸ್ವಲ್ಪ ಜವೆಗೋಧಿ ಬಹುಕಾಲ ಒದಗಿಬಂದು, ಅಳೆದು ನೋಡಿದ ಮೇಲೆ ಮುಗಿದುಹೋಯಿತೆಂದು ಹದೀಸ್‌ನಲ್ಲಿದೆ. ಎಣಿಸುತ್ತಾ ಕೂರಬೇಡ ಎಂದು ಹಝ್ರತ್ ಅಸ್ಮಾ(ರ) ಅವರಿಗೆ ಪ್ರವಾದಿವರ್ಯರು(ಸ) ಉಪದೇಶಿಸಿದ್ದೂ ಹೌದು. ಆದರೆ ಅದೇ ಬುಖಾರಿ ಸಂಗ್ರಹದಲ್ಲಿ, ಆಹಾರಧಾನ್ಯವನ್ನು ಅಳೆಯಿರಿ, ಅದರಲ್ಲಿ ನಿಮಗೆ ಬರಕತ್ ಇದೆ ಎಂಬ ಆಶಯದ ವಚನವೂ ಇದೆ. ಇವೆರಡರ ನಡುವೆ ವಿರೋಧವಿಲ್ಲವೆಂದು ವಿದ್ವಾಂಸರು ವಿವರಿಸಿದ್ದಾರೆ. ಕೊಡಲು ಕೈ ಬಾರದಂತೆ ಮಾಡುವ ಜಿಪುಣತನದ ಎಣಿಕೆ ಬೇಡ. ಕೊಳ್ಳುವಾಗ, ಮಾರುವಾಗ, ಹಕ್ಕು ತೀರಿಸುವಾಗ ಬೇಕಾದ ಅಳತೆ ಬೇಕು. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವಾದ ಅಲ್ ಬಕರದ 282ನೆಯದು ಸಾಲವನ್ನು ಬರೆದಿಡುವ ಬಗ್ಗೆಯೇ ಇದೆ. ಝಕಾತನ್ನಂತೂ ಲೆಕ್ಕವಿಲ್ಲದೆ ಕೊಡಲು ಸಾಧ್ಯವೇ ಇಲ್ಲ.

ಹರಪನಹಳ್ಳಿ ತಾಲೂಕಿನ ತೆಲಿಗಿಯಂತಹ ಊರನ್ನೇ ನೋಡೋಣ. ಪಟ್ಟಣದ ನೌಕರನಿಗೆ ತಿಂಗಳಿಗೊಮ್ಮೆ ಸಂಬಳ ಬರುತ್ತದೆ. ಮಳೆಯನ್ನು ನಂಬಿ ಮೆಕ್ಕೆಜೋಳ ಬೆಳೆಯುವ ರೈತನಿಗೆ ವರ್ಷದ ಹಣವೆಲ್ಲ ಕೊಯ್ಲಿನ ಹೊತ್ತಿಗೆ ಒಮ್ಮೆಲೇ ಬರುತ್ತದೆ. ಖರ್ಚು ಮಾತ್ರ ಹನ್ನೆರಡು ತಿಂಗಳೂ ಇರುತ್ತದೆ. ಬೆಳೆ ಮಾರಿದ ವಾರದಲ್ಲಿ ಮದುವೆ, ಬಟ್ಟೆ, ಹೊಸ ಬೈಕು. ಮುಂಗಾರು ಬರುವ ಹೊತ್ತಿಗೆ ಬೀಜ-ಗೊಬ್ಬರಕ್ಕೆ ಸಾಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಒಣಭೂಮಿಯ ಮನೆಗಳಲ್ಲೂ ಇದು ಹೊಸ ಮಾತಲ್ಲ. ಇಂಥ ಕುಟುಂಬವು ಬೆಳೆಯ ಹಣ ಕೈಸೇರಿದ ದಿನವೇ ಮುಂದಿನ ಬಿತ್ತನೆಯ ವೆಚ್ಚವನ್ನು ತೆಗೆದಿಟ್ಟು, ಉಳಿದುದನ್ನು ಹನ್ನೆರಡು ಪಾಲು ಮಾಡಬೇಕು. ಸಮೃದ್ಧಿಯ ಏಳು ವರ್ಷಗಳ ಧಾನ್ಯವನ್ನು ಬರಗಾಲದ ಏಳು ವರ್ಷಗಳಿಗೆ ಕಾಪಿಟ್ಟ ಪ್ರವಾದಿ ಯೂಸುಫ್(ಅ)ರ ಚರಿತ್ರೆಯಲ್ಲಿ ನಮಗಿರುವ ಮಾದರಿಯೂ ಇದೇ ಅಲ್ಲವೇ?

ಬರೆಯದ ಲೆಕ್ಕದ ಬೆಲೆಯನ್ನು ಹೆಚ್ಚಾಗಿ ತೆರುವವರು ಮನೆಯ ಮಹಿಳೆಯರು. ವಾರದ ಕಂತಿನ ಸಾಲಗಳು ಅವರ ಹೆಸರಿನಲ್ಲಿ ಬರುತ್ತವೆ. ಒಂದನ್ನು ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು. ಕಿರುಸಾಲದ ವಸೂಲಿಗಾಗಿ ನಡೆಯುವ ದೌರ್ಜನ್ಯವನ್ನು ತಡೆಯಲು ರಾಜ್ಯ ಸರಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾನೂನು ವಸೂಲಿಗಾರನನ್ನು ಬಾಗಿಲಲ್ಲಿ ತಡೆಯಬಹುದು; ಬಡ್ಡಿಯನ್ನು ಮನೆಯೊಳಗೆ ಬಿಡದಿರುವ ಹೊಣೆ ನಮ್ಮದೇ. ಗೃಹಲಕ್ಷ್ಮಿಯ 2,000 ರೂಪಾಯಿಯೋ, ಹೊಲಿಗೆಯಿಂದ ಬಂದ ಹಣವೋ, ಮಹ್ರ್‌ನ ಚಿನ್ನವೋ, ಅದು ಆಕೆಯ ಸ್ವಂತದ್ದು. ಮನೆಯ ಪೋಷಣೆ ಪತಿಯ ಹೊಣೆ. ಪುಸ್ತಕದಲ್ಲಿ ಆಕೆಯ ಹಣಕ್ಕೆ ಬೇರೆಯೇ ಅಂಕಣವಿರಲಿ. ಪಡೆದಿದ್ದರೆ ಅದು ಸಾಲವೆಂದೇ ಬರೆಯಲ್ಪಡಲಿ.

ಇನ್ನು ಬೇಗ ನಿವೃತ್ತರಾಗುವ ಮಾತು. ಈ ಲೆಕ್ಕಾಚಾರದ ಮೂಲ 1994ರಲ್ಲಿ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಪ್ರಕಟಿಸಿದ ಅಧ್ಯಯನ. ವರ್ಷದ ಖರ್ಚಿನ ಸುಮಾರು 25 ಪಟ್ಟು ಕೂಡಿಟ್ಟು, ಮೊದಲ ವರ್ಷ ಅದರ ಶೇ. 4ರಷ್ಟನ್ನು, ಆಮೇಲೆ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸಿ ತೆಗೆದರೆ, 30 ವರ್ಷ ಸಾಗಬಹುದೆಂಬುದು ಅದರ ಸಾರ. ಆದರೆ ಆ ಲೆಕ್ಕದಲ್ಲಿ ಷೇರುಗಳ ಜೊತೆಗೆ ಬಡ್ಡಿ ತರುವ ಸರಕಾರಿ ಬಾಂಡುಗಳೂ ಇವೆ; ಝಕಾತ್ ಇಲ್ಲ. ನಮಗೆ ಬಡ್ಡಿ ನಿಷಿದ್ಧ, ಝಕಾತ್ ಕಡ್ಡಾಯ.

ತಿಂಗಳಿಗೆ 20,000 ರೂಪಾಯಿ ಖರ್ಚಿರುವ ಮನೆಗೆ ವರ್ಷಕ್ಕೆ 2.4 ಲಕ್ಷ ಬೇಕು. 25 ಪಟ್ಟೆಂದರೆ 60 ಲಕ್ಷ. ಅಷ್ಟು ಹಣವನ್ನು ಸುಮ್ಮನೆ ಇಟ್ಟುಕೊಂಡರೆ ವರ್ಷಕ್ಕೆ ಶೇ. 2.5ರಂತೆ ಝಕಾತ್ ಸುಮಾರು ಒಂದೂವರೆ ಲಕ್ಷವಾಗುತ್ತದೆ. ಬೆಲೆಗಳು ಏರುವುದೇ ಇಲ್ಲವೆಂದುಕೊಂಡರೂ ಆ ಗಂಟು ಸುಮಾರು 20 ವರ್ಷಕ್ಕೆ ಬರಿದಾಗುತ್ತದೆ. 40ಕ್ಕೆ ಕೆಲಸ ಬಿಟ್ಟವನು 60ಕ್ಕೆ, ದುಡಿಯುವ ಶಕ್ತಿ ಕುಂದಿದಾಗ, ಬರಿಗೈಯಲ್ಲಿರುತ್ತಾನೆ.

ಇದು ಝಕಾತಿನ ಕುಂದಲ್ಲ, ಅದರ ಹಿಂದಿನ ವಿವೇಕ. ಸಂಪತ್ತು ನಿಂತ ನೀರಾಗದೆ ಹರಿಯುತ್ತಿರಬೇಕು ಎಂಬುದೇ ಇಸ್ಲಾಮಿನ ಅಪೇಕ್ಷೆ. ಉಳುವ ಹೊಲದ ಬೆಲೆಗೆ ಝಕಾತ್ ಇಲ್ಲ, ಫಸಲಿಗೆ ಮಾತ್ರ ಇದೆ: ಮಳೆಯಿಂದ ಬೆಳೆದರೆ ಹತ್ತನೆಯ ಒಂದು, ನೀರೆತ್ತಿ ಬೆಳೆದರೆ ಇಪ್ಪತ್ತನೆಯ ಒಂದು ಪಾಲು. ಆದ್ದರಿಂದ ಊರಿಗೆ ಮರಳಬಯಸುವವರು ನೋಟಿನ ಗಂಟಿನ ಬದಲು ದುಡಿಯುವ ಆಸ್ತಿಯನ್ನು ಕಟ್ಟಿಕೊಳ್ಳಲಿ: ಒಂದಿಷ್ಟು ಹೊಲ, ಒಂದು ಅಂಗಡಿ, ಲಾಭ-ನಷ್ಟಗಳೆರಡರಲ್ಲೂ ಪಾಲಿರುವ ವ್ಯಾಪಾರ.

ಇಲ್ಲಿಯೇ ಎಚ್ಚರವೂ ಬೇಕು. ‘ಹಲಾಲ್’ ಹೂಡಿಕೆಯ ಹೆಸರಿನಲ್ಲಿ ತಿಂಗಳು ತಿಂಗಳೂ ಲಾಭ ನೀಡುತ್ತಿದ್ದ ಬೆಂಗಳೂರಿನ ಐಎಂಎ ಸಂಸ್ಥೆ 2019ರ ಜೂನ್‌ನಲ್ಲಿ ಕುಸಿದಾಗ, ಸಾವಿರಾರು ಮುಸ್ಲಿಮ್ ಕುಟುಂಬಗಳ ಮದುವೆಯ, ಹಜ್ಜಿನ, ಮುಪ್ಪಿನ ಉಳಿತಾಯಗಳು ಸಿಕ್ಕಿಹಾಕಿಕೊಂಡವು. ಲಾಭ ಎಲ್ಲಿಂದ ಬರುತ್ತಿದೆಯೆಂದು ಕೇಳದವನು ‘ಎಲ್ಲಿಂದ ಗಳಿಸಿದೆ’ ಎಂಬ ಪ್ರಶ್ನೆಯನ್ನೇ ಮರೆತಂತೆ. ಗಡ್ಡವಾಗಲಿ, ಅರಬಿ ಹೆಸರಾಗಲಿ ಲೆಕ್ಕಪತ್ರಕ್ಕೆ ಬದಲಿಯಾಗಲಾರದು.

ಹಾಗಾದರೆ ಬೇಗ ನಿವೃತ್ತಿ ತಪ್ಪೇ? ಅಲ್ಲ. ಆದರೆ ದುಡಿಮೆಯಿಂದಲೇ ನಿವೃತ್ತಿ ಎಂಬ ಕಲ್ಪನೆ ನಮ್ಮದಲ್ಲ. ಅರಸರಾಗಿದ್ದ ಪ್ರವಾದಿ ದಾವೂದ್(ಅ) ಕೂಡ ಸ್ವಂತ ಕೈಗಳ ದುಡಿಮೆಯಿಂದ ಉಣ್ಣುತ್ತಿದ್ದರು. ಸಾಲಗಾರನ ಭಯದಿಂದ, ಒಡೆಯನ ಮರ್ಜಿಯಿಂದ, ಆತ್ಮಸಾಕ್ಷಿಗೆ ಒಗ್ಗದ ನೌಕರಿಯಿಂದ ಬಿಡುಗಡೆ ಪಡೆದು, ತಾಯ್ತಂದೆಯರ ಸೇವೆಗೆ, ಮಕ್ಕಳ ತರ್ಬಿಯತ್ತಿಗೆ, ನೆರೆಹೊರೆಯ ಹಿತಕ್ಕೆ ಸಮಯ ಉಳಿಸಿಕೊಳ್ಳುವುದಾದರೆ ಅದು ಶ್ಲಾಘನೀಯ. ವಾರಸುದಾರರನ್ನು ಜನರ ಮುಂದೆ ಕೈಚಾಚುವಂತೆ ಬಿಟ್ಟುಹೋಗುವುದಕ್ಕಿಂತ ಅನುಕೂಲಸ್ಥರಾಗಿ ಬಿಟ್ಟುಹೋಗುವುದು ಮೇಲೆಂದು ಪ್ರವಾದಿವರ್ಯರು(ಸ) ಹಝ್ರತ್ ಸಅದ್(ರ) ಅವರಿಗೆ ತಿಳಿಸಿದ್ದರಲ್ಲವೇ?

ಅದಕ್ಕೆ ದೊಡ್ಡ ಸಾಧನಗಳೇನೂ ಬೇಡ. ಮಕ್ಕಳ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳು ಸಾಕು. ಬಂದದ್ದು, ಖರ್ಚಾದದ್ದು, ಉಳಿದದ್ದು, ಇತರರಿಗೆ ಸಲ್ಲಬೇಕಾದದ್ದು ಎಂದು ನಾಲ್ಕು ಅಂಕಣಗಳು. ಪ್ರತಿ ಚಾಂದ್ರಮಾನ ತಿಂಗಳ ಮೊದಲ ದಿನ ಪತಿ-ಪತ್ನಿ ಕುಳಿತು ಕೂಡಿಸಲಿ, ದೊಡ್ಡ ಮಕ್ಕಳೂ ಜೊತೆಗಿರಲಿ. ಝಕಾತಿನ ವರ್ಷವೂ ಅದರಲ್ಲೇ ತಿಳಿಯುತ್ತದೆ. ನಾಲ್ಕನೆಯ ಅಂಕಣವೇ ಮೊದಲು ಖಾಲಿಯಾಗಲಿ. ದುಂದು ಮತ್ತು ಜಿಪುಣತನಗಳ ನಡುವಣ ಮಧ್ಯಮ ಮಾರ್ಗವನ್ನು ಅಲ್ ಫುರ್ಕಾನ್ ಅಧ್ಯಾಯವು ಕರುಣಾಮಯನ ದಾಸರ ಲಕ್ಷಣವೆಂದು ಕಲಿಸುತ್ತದೆ. ಆ ಮಾರ್ಗದಲ್ಲಿ ನಡೆಯುವ, ಇಲ್ಲಿಯ ಲೆಕ್ಕವನ್ನು ಶುದ್ಧವಾಗಿಟ್ಟು ಅಲ್ಲಿಯ ಲೆಕ್ಕವನ್ನು ಹಗುರಗೊಳಿಸಿಕೊಳ್ಳುವ ತೌಫೀಕನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.