ಅಗ್ಗ, ಯಾರಿಗೆ?

‘ಕಡಿಮೆ ಖರ್ಚಿನಲ್ಲಿ ನೆಲೆಸಬಹುದಾದ ಊರುಗಳು’ ಎಂಬ ಪಟ್ಟಿಗಳಲ್ಲಿ ಲಿಸ್ಬನ್ ವರ್ಷಗಟ್ಟಲೆ ಮೆರೆಯಿತು. ನನ್ನ ತಕರಾರು ಇಷ್ಟೇ: ಅಗ್ಗ ಎನ್ನುವಾಗ ಯಾರ ಜೇಬು ನೋಡಿ ಹೇಳುತ್ತಾರೆ?

ಪೋರ್ಚುಗಲ್ 2022ರ ಅಕ್ಟೋಬರಿನಲ್ಲಿ ‘ಡಿಜಿಟಲ್ ಅಲೆಮಾರಿ’ಗಳಿಗೆಂದೇ ವೀಸಾ ತೆರೆಯಿತು. ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು ಆದಾಯವಿರಬೇಕು, ಅದೂ ಹೊರದೇಶದ ಕೆಲಸದಿಂದ. 2024ರ ಲೆಕ್ಕಕ್ಕೆ ತಿಂಗಳಿಗೆ 3,280 ಯೂರೊ. ಅದೇ ಊರಿನಲ್ಲಿ ಹೋಟೆಲಿನ ಪಾತ್ರೆ ತೊಳೆಯುವವಳ ಕನಿಷ್ಠ ವೇತನ ಆ ವರ್ಷ 820 ಇತ್ತು. ಇಬ್ಬರೂ ಒಂದೇ ಓಣಿಯಲ್ಲಿ ಬಾಡಿಗೆ ಮನೆ ಹುಡುಕಿದರೆ ಮಾಲೀಕ ಬೀಗದ ಕೈ ಯಾರಿಗೆ ಕೊಡುತ್ತಾನೆಂದು ನಾನು ಬಿಡಿಸಿ ಹೇಳಬೇಕೆ? 2023ರ ಏಪ್ರಿಲ್ 1ರಂದು ಲಿಸ್ಬನ್ನಿನ ಜನ ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದು ಕೇಳಿದ್ದು ವಾಸಕ್ಕೊಂದು ಮನೆಯನ್ನು.

‘ವಲಸಿಗರು ಬಂದು ಊರು ಕೆಟ್ಟಿತು’ ಎನ್ನುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ದಕ್ಷಿಣದ ಒಡೆಮಿರಾದಲ್ಲಿ ಪ್ಲಾಸ್ಟಿಕ್ ಹೊದಿಕೆಯ ಅಡಿ ರಾಸ್ಪ್‌ಬೆರಿ ಬಿಡಿಸುವವರಲ್ಲಿ ಭಾರತದವರಿದ್ದಾರೆ, ನೇಪಾಳದವರಿದ್ದಾರೆ. ಮೊದಲು ಕೆಲಸಕ್ಕೆ ಸೇರಿ ಆಮೇಲೆ ವಾಸದ ಪರವಾನಗಿ ಕೇಳುವ ದಾರಿಯೊಂದು ಇಂಥವರಿಗಿತ್ತು. 2024ರ ಜೂನಿನಲ್ಲಿ ಸರ್ಕಾರ ಅದನ್ನು ಮುಚ್ಚಿತು. ಲ್ಯಾಪ್‌ಟಾಪಿನವರ ಬಾಗಿಲು ಮಾತ್ರ ತೆರೆದೇ ಇತ್ತು. ಅವರನ್ನು ‘ಎಕ್ಸ್‌ಪ್ಯಾಟ್’ ಎನ್ನುತ್ತಾರೆ, ಹಣ್ಣು ಬಿಡಿಸುವವರನ್ನು ವಲಸಿಗರು ಎನ್ನುತ್ತಾರೆ. (ನಮ್ಮ ಪತ್ರಿಕೆಗಳೂ ಹಾಗೇ ಬರೆಯುತ್ತವೆ.)

ಹೋಗುವವರು ಹೋಗಲಿ, ಅಡ್ಡಗಾಲು ಹಾಕುವ ಇರಾದೆ ನನಗಿಲ್ಲ. ಆದರೆ ‘ಸುಲಭ ವೀಸಾ’ದ ಪಟ್ಟಿ ಬರೆಯುವ ಮಹನೀಯರು ಪ್ರತಿ ಊರಿನ ಹೆಸರಿನ ಪಕ್ಕದಲ್ಲಿ ಅಲ್ಲಿಯವರ ಕನಿಷ್ಠ ವೇತನವನ್ನೂ, ಒಂದು ಕೋಣೆಯ ಬಾಡಿಗೆಯನ್ನೂ ಬರೆಯಲಿ.