ತಡವರಿಸುವ ಮಗುವಿನ ಪ್ರತಿಫಲ

ಪರಿಚಿತ ಕುಟುಂಬವೊಂದರ ಹುಡುಗ ಎಸೆಸೆಲ್ಸಿ ಗಣಿತದಲ್ಲಿ ಅನುತ್ತೀರ್ಣನಾದ. ಅಂಕಗಳಿಗಿಂತ ಹೆಚ್ಚಾಗಿ ಹೆತ್ತವರನ್ನು ಕಂಗೆಡಿಸಿದ್ದು ಅವನ ಪ್ರಶ್ನೆ. "ನಾನು ಒಂದು ಹೊತ್ತಿನ ನಮಾಝ್ ಕೂಡ ಬಿಟ್ಟಿಲ್ಲ. ಪ್ರತಿ ರಾತ್ರಿ ದುಆ ಮಾಡಿದ್ದೇನೆ. ಅಲ್ಲಾಹನು ನನ್ನ ಮಾತನ್ನೇಕೆ ಕೇಳಲಿಲ್ಲ?" ತಾಯಿ ಸುಮ್ಮನಾದರು. ತಂದೆ, "ನಿನ್ನ ಈಮಾನ್‌ನಲ್ಲೇ ಕೊರತೆಯಿರಬೇಕು" ಎಂದುಬಿಟ್ಟರು.

ತಂದೆಯದು ಕೆಟ್ಟ ಉದ್ದೇಶವೇನಲ್ಲ. ಆದರೆ ಗಣಿತದಲ್ಲಿ ಸೋತ ಮಗುವನ್ನು ಆ ಒಂದು ಮಾತು ಧರ್ಮದಲ್ಲೂ ಸೋಲಿಸಿತು. ತಪ್ಪು ಅಂದು ಆರಂಭವಾದುದೂ ಅಲ್ಲ. ನಮಾಝ್ ಮಾಡಿದರೆ ಅಲ್ಲಾಹನು ಪಾಸು ಮಾಡಿಸುತ್ತಾನೆ ಎಂದು ನಾವು ಮಕ್ಕಳಿಗೆ ಎಷ್ಟು ಸಲೀಸಾಗಿ ಹೇಳುತ್ತೇವೆ! ಆರಾಧನೆಯನ್ನು ವ್ಯಾಪಾರದ ಒಪ್ಪಂದವಾಗಿ ಕಲಿಸಿದ ಮೇಲೆ, ಸರಕು ಬರಲಿಲ್ಲವೆಂದು ಮಗು ಕೇಳಿದರೆ ತಪ್ಪು ಮಗುವಿನದಲ್ಲ.

ಇಸ್ಲಾಮ್ ಕಲಿಸುವುದು ಬೇರೆಯೇ. ಹಝ್ರತ್ ಆಯಿಶಾ(ರ)ರಿಂದ ವರದಿಯಾಗಿ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ದಾಖಲಾಗಿರುವ ಒಂದು ಹದೀಸ್ ಇದೆ. ಕುರ್‌ಆನನ್ನು ನಿರರ್ಗಳವಾಗಿ ಓದುವವರು ಗೌರವಾನ್ವಿತ ಮಲಕ್‌ಗಳ ಜೊತೆಗಿರುವರೆಂದು ತಿಳಿಸಿದ ಪ್ರವಾದಿ(ಸ)ರು, ತಡವರಿಸುತ್ತಾ ಕಷ್ಟಪಟ್ಟು ಓದುವವನಿಗೆ ಎರಡು ಪ್ರತಿಫಲಗಳಿವೆ ಎಂದರು. ಒಂದು ಓದಿಗೆ, ಇನ್ನೊಂದು ಆ ಕಷ್ಟಕ್ಕೆ ಎಂದು ವಿದ್ವಾಂಸರು ಇದನ್ನು ವಿವರಿಸಿದ್ದಾರೆ. ನಿರರ್ಗಳವಾಗಿ ಓದುವವನ ಸ್ಥಾನ ಇದರಿಂದ ಕುಗ್ಗುವುದಿಲ್ಲ. ಆದರೆ ಯಾವ ತಡವರಿಕೆಗಾಗಿ ಮದ್ರಸದಲ್ಲಿ ಮಗು ಸಹಪಾಠಿಗಳ ನಗುವಿಗೆ ಗುರಿಯಾಗುತ್ತದೋ, ಕೆಲವೊಮ್ಮೆ ಬೆತ್ತದೇಟನ್ನೂ ತಿನ್ನುತ್ತದೋ, ಆ ತಡವರಿಕೆಯೇ ಅಲ್ಲಾಹನ ಬಳಿ ಲೆಕ್ಕಕ್ಕೆ ಬರುತ್ತದೆ. ಅಲಿಫ್, ಬಾ, ತಾ ಕಲಿಯುವ ಮೊದಲ ದಿನವೇ ಮಗುವಿಗೆ ಈ ಹದೀಸನ್ನು ಹೇಳಬೇಕಿತ್ತು. ನನಗೆ ಬಾಲ್ಯದಲ್ಲಿ ಯಾರೂ ಹೇಳಲಿಲ್ಲ.

ಬೀಬಿ ಹಾಜಿರಾ(ರ)ರ ಓಟವನ್ನು ಮಕ್ಕಳಿಗೆ ಕಥೆಯಾಗಿ ಹೇಳುತ್ತೇವೆ. ಆದರೆ ಅದರ ಒಂದು ಮುಖ್ಯ ಅಂಶವನ್ನು ಬಿಟ್ಟುಬಿಡುತ್ತೇವೆ. ಸಫಾ ಮತ್ತು ಮರ್ವಾದ ನಡುವಿನ ಅಂತರ ಸುಮಾರು 450 ಮೀಟರ್. ಬಾಯಾರಿದ ಕೂಸನ್ನು ಕೆಳಗೆ ಬಿಟ್ಟು ಆ ತಾಯಿ ಏಳು ಬಾರಿ ಅಲ್ಲಿ ಓಡಾಡಿದರು. ಅವರು ಹುಡುಕಿದ ಎರಡು ಬೆಟ್ಟಗಳಲ್ಲೂ ನೀರು ಸಿಗಲಿಲ್ಲ. ಝಮ್‌ಝಮ್ ಚಿಮ್ಮಿದ್ದು ಕೂಸಿದ್ದ ಕಡೆಯಲ್ಲಿ! ಹಾಗಾದರೆ ಆ ಏಳು ಓಟಗಳು ವ್ಯರ್ಥವೇ? ಇಂದಿಗೂ ಹಜ್ಜ್ ಮತ್ತು ಉಮ್ರಾ ನಿರ್ವಹಿಸುವ ಪ್ರತಿಯೊಬ್ಬರೂ ಅವೇ ಏಳು ಓಟಗಳನ್ನು ಪುನರಾವರ್ತಿಸುತ್ತಾರೆ. ಅಲ್ಲಾಹನು ಆರಾಧನೆಯಾಗಿ ಉಳಿಸಿದ್ದು ಆ ತಾಯಿಯ ಪ್ರಯತ್ನವನ್ನು. ಸೋತ ಮಗುವಿಗೆ ಇದಕ್ಕಿಂತ ದೊಡ್ಡ ಸಾಂತ್ವನ ನನಗೆ ತಿಳಿದಿಲ್ಲ.

ಆತ್ಮವಿಶ್ವಾಸದ ಕುರಿತೂ ಒಂದು ಮಾತು ಹೇಳಬೇಕು. ನನ್ನಿಂದ ಎಲ್ಲವೂ ಸಾಧ್ಯ ಎಂದು ಮಗುವಿನ ಬಾಯಲ್ಲಿ ಹೇಳಿಸುವುದು ಈಗಿನ ರೂಢಿ. ಫಿರ್‌ಔನನ ಬಳಿಗೆ ಹೋಗಲು ಆದೇಶವಾದಾಗ ಪ್ರವಾದಿ ಮೂಸಾ(ಅ)ರು ಹಾಗೆ ಹೇಳಲಿಲ್ಲ. ಹೃದಯವನ್ನು ವಿಶಾಲಗೊಳಿಸೆಂದು, ನಾಲಿಗೆಯ ಗಂಟನ್ನು ಬಿಚ್ಚೆಂದು, ಸಹೋದರ ಹಾರೂನ್(ಅ)ರನ್ನು ಜೊತೆಗೆ ಕೊಡೆಂದು ಬೇಡಿದರು. ತಾಹಾ ಅಧ್ಯಾಯದಲ್ಲಿ ಈ ಪ್ರಾರ್ಥನೆ ಇದೆ. ತಮ್ಮ ದೌರ್ಬಲ್ಯವನ್ನು ಒಪ್ಪಿಕೊಂಡು, ನೆರವನ್ನು ಕೇಳಿ, ಬಳಿಕ ಆ ದೊರೆಯ ಮುಂದೆ ಹೋಗಿ ನಿಂತರು. ನನಗೆ ಗಣಿತ ಬರುವುದಿಲ್ಲ, ಯಾರಾದರೂ ಹೇಳಿಕೊಡಿ ಎಂದು ನಾಚಿಕೆಯಿಲ್ಲದೆ ಕೇಳುವ ಮಗುವಿನಲ್ಲಿ ಆತ್ಮವಿಶ್ವಾಸದ ಕೊರತೆಯಿಲ್ಲ. ಮಗು ಹಾಗೆ ಕೇಳಬಲ್ಲ ವಾತಾವರಣ ಮನೆಯಲ್ಲಿ ಇದೆಯೇ ಎಂಬುದೇ ಪ್ರಶ್ನೆ. ಹತ್ತು ವರ್ಷ ಪ್ರವಾದಿ(ಸ)ರ ಸೇವೆಯಲ್ಲಿದ್ದ ಅನಸ್(ರ)ರು, ಇದನ್ನೇಕೆ ಮಾಡಿದೆ, ಅದನ್ನೇಕೆ ಮಾಡಲಿಲ್ಲ ಎಂಬ ಮಾತನ್ನು ಒಮ್ಮೆಯೂ ಅವರಿಂದ ಕೇಳಿರಲಿಲ್ಲ. ನಮ್ಮ ಮನೆಗಳಲ್ಲಿ ಫಲಿತಾಂಶ ಬಂದ ಒಂದು ಸಂಜೆಯಲ್ಲೇ ಆ ಪ್ರಶ್ನೆ ಎಷ್ಟು ಬಾರಿ ಕೇಳಿಬರುತ್ತದೆ?

ಆ ಹುಡುಗ ಪರೀಕ್ಷೆ-2ಕ್ಕೆ ಹೆಸರು ನೋಂದಾಯಿಸಿದ್ದಾನೆ. ದುಆ ಮಾಡುವುದನ್ನೂ ಬಿಟ್ಟಿಲ್ಲ. ತಂದೆ ಹೆಚ್ಚು ಓದಿದವರಲ್ಲ, ಲೆಕ್ಕ ಹೇಳಿಕೊಡಲು ಅವರಿಗೆ ಬಾರದು. ಮಗ್ರಿಬ್ ನಮಾಝಿನ ಬಳಿಕ ಮಗನ ಪಕ್ಕದಲ್ಲಿ ಸುಮ್ಮನೆ ಕುಳಿತಿರುತ್ತಾರೆ.